ಇಳಿಸದ ಡೊಳ್ಳು

ಗುಂಜೋಟಿಯ ಗುರುನಾಥನಿಗೆ ಎರಡು ವಿದ್ಯೆ ಬರುತ್ತಿದ್ದವು. ಒಂದು, ಅಪ್ಪ ಮಲ್ಲಣ್ಣನಿಂದ ಬಂದ ಡೊಳ್ಳು. ಇನ್ನೊಂದು, ಯಾರೂ ಕಲಿಸದೆ ತಾನಾಗಿಯೇ ಅಂಟಿಕೊಂಡ ಮೊಬೈಲು. ಮೊದಲನೆಯದಕ್ಕೆ ಹತ್ತು ವರ್ಷ ಹಿಡಿಯಿತು, ಎರಡನೆಯದಕ್ಕೆ ಹತ್ತು ದಿನ ಸಾಕಾಯಿತು. ಯಾವುದು ಬೇಗ ಕೈಗೆ ಬಂತೋ ಅದರ ಮೇಲೆಯೇ ಮೋಹ ಹೆಚ್ಚು. ಮನುಷ್ಯನ ಹಣೆಬರಹವೇ ಹಾಗೆ.

ಗಡಿಯಾಚೆ ಮರಾಠಿ ಸೀಮೆಯಲ್ಲಿರುವ ಉಮರಗಾದ ಬಸ್‌ಸ್ಟ್ಯಾಂಡಿನ ಎದುರಿಗೆ ಅವನದೊಂದು ಝೆರಾಕ್ಸ್ ಅಂಗಡಿ. ಫಾರ್ಮು ತುಂಬುವುದು, ಫೋಟೋ ತೆಗೆಯುವುದು, ಲೈಟ್ ಬಿಲ್ಲು ಕಟ್ಟುವುದು, ಇದೇ ದಿನದ ಕೆಲಸ. ಕುರಿ ಕಾಯುವವರ ಮಕ್ಕಳಿಗೆ ಮೀಸಲಾತಿ ಬೇಕೆಂದು ಹೋರಾಟ ಎದ್ದಾಗ ತಾಲೂಕಿನ ಮುಖಂಡ ಪಂಡಿತ ಸಾಹೇಬರು ಅವನ ಅಂಗಡಿಗೇ ಬಂದು, "ಗುರು, ನಮ್ಮ ಪೇಜ್ ನೀನೇ ನೋಡ್ಕೋ, ನಿನ್ನ ಬಿಟ್ರ ಯಾರಿಗಿ ಬರ್ತದ" ಎಂದರು. ಹೊಗಳಿಕೆಗೆ ಸೋಲದವರು ಯಾರಿದ್ದಾರೆ? ಗುರುನಾಥ ಅಂದೇ ಪೇಜಿಗೆ ಕೈಹಚ್ಚಿದ. ಆರು ತಿಂಗಳಲ್ಲಿ ನಲವತ್ತು ಸಾವಿರ ಫಾಲೋವರ್ಸ್ ಆದರು. ಉಮರಗಾ ಏನು, ನಿಲಂಗಾ ಏನು, ಉದಗೀರ ಏನು, ಗಡಿಯುದ್ದಕ್ಕೂ ಅವನ ಪೋಸ್ಟು ಹರಿದಾಡುತ್ತಿದ್ದವು.

ಆದರೆ ಒಂದು ತೊಡಕಿತ್ತು. ರಸ್ತೆ ತಡೆ ಎಂದು ಪೋಸ್ಟು ಹಾಕಿದರೆ ಲೈಕು ಹತ್ತು ಸಾವಿರ, ರಸ್ತೆಗೆ ಬಂದವರು ಅರವತ್ತು. ಆ ಅರವತ್ತರಲ್ಲಿಯೂ ಅರ್ಧ ಮಂದಿ ಸೆಲ್ಫಿ ತೆಗೆದುಕೊಂಡು ಮನೆ ಸೇರುವವರು. ಎರಡು ಸಲ ಹೀಗಾದ ಮೇಲೆ ಪಂಡಿತ ಸಾಹೇಬರ ಮುಖ ಸಪ್ಪಗಾಯಿತು. ಆಗಲೇ ಗುರುನಾಥನಿಗೆ ಅಪ್ಪನ ಡೊಳ್ಳು ನೆನಪಾದದ್ದು.

ಆ ಡೊಳ್ಳಿನ ಕಟ್ಟಳೆ ಇಷ್ಟು. ಗುಂಜೋಟಿಯ ಬೀರಪ್ಪನ ಗುಡಿಯಲ್ಲಿ ಹಬ್ಬಕ್ಕೆ ಬಾರಿಸುವ ಬಡಿತ ಬೇರೆ, ಮಂದಿಯನ್ನು ಕರೆಯುವ ಬಡಿತ ಬೇರೆ. ಕರೆಯುವುದು ಮೂರು ಪೆಟ್ಟು, ಒಂದು ಉಸಿರಿನಷ್ಟು ಬಿಡುವು, ಮತ್ತೆ ಮೂರು ಪೆಟ್ಟು. ಹಟ್ಟಿಗೆ ತೋಳ ನುಗ್ಗಿದಾಗ, ಕುರಿಗಳಿಗೆ ಬೇನೆ ಬಿದ್ದಾಗ, ಮೇಯಿಸುವ ಜಾಗದ ಜಗಳ ಕೈಮೀರಿದಾಗ ಮಾತ್ರ ಅದನ್ನು ಬಾರಿಸುವುದು. ಕೇಳಿದ ಮನೆಯಿಂದ ಒಬ್ಬರು ಹೆಗಲಿಗೆ ಕಂಬಳಿ ಹಾಕಿಕೊಂಡು ಹೊರಡಲೇಬೇಕು. ಹೊರಟವರು ಅನ್ನ ಮುಟ್ಟುವಂತಿಲ್ಲ. ಕೆಲಸ ಮುಗಿದ ಮೇಲೆ, ಬಾರಿಸಿದವನೇ ಇಳಿಸುವ ಬಡಿತ ಬಾರಿಸಿ, ಬಂದವರ ಹಣೆಗೆ ಭಂಡಾರ ಹಚ್ಚಬೇಕು. ಭಂಡಾರವೆಂದರೆ ಬೀರಪ್ಪನ ಅರಿಶಿನ. ಅದು ಹಣೆಗೆ ಬಿದ್ದ ಮೇಲೆಯೇ ಬಾಯಿಗೆ ತುತ್ತು. ಬಾರಿಸಿದವನನ್ನು ಬಿಟ್ಟು ಬೇರೆ ಯಾರೂ ಇಳಿಸುವ ಹಾಗಿಲ್ಲ.

ಗುರುನಾಥ ಗುಡಿಯ ಮುಂದೆ ನಿಂತು ಕರೆಯುವ ಡೊಳ್ಳು ಬಾರಿಸಿದ, ಫೋನಿನಲ್ಲಿ ಹಿಡಿದ, ಕೊನೆಗೆ ತನ್ನ ದನಿ ಸೇರಿಸಿದ: "ಬರೋ ಗುರುವಾರ ಮುಂಜಾನಿ ಹತ್ತಕ್ಕ ಯೆಣೆಗೂರ ಹೈವೇ ಮ್ಯಾಲ ಕೂಡಬೇಕು. ಮನಿಗೊಬ್ಬರು, ಕಂಬಳಿ ಸಹಿತ. ಬೀರಪ್ಪನ ಆಣಿ." ಐವತ್ತು ಗ್ರೂಪಿಗೆ ಒಂದೇ ಸಲ ಕಳಿಸಿದ. ಅರ್ಧ ತಾಸಿನೊಳಗೆ ಫೋನು ಬಿಸಿಯಾಗುವಷ್ಟು ಉತ್ತರ ಬಂದವು. ಮುದುಕರು ಅತ್ತರಂತೆ, ಹೆಂಗಸರು ಕಂಬಳಿ ಝಾಡಿಸಿ ಇಟ್ಟರಂತೆ.

ಮಲ್ಲಣ್ಣ ಮಾತ್ರ ಗುಡಿಯ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿದ: "ಡೊಳ್ಳು ಪೆಟಿಗ್ಯಾಗ ತುಂಬಿ ಕಳಸ್ದಿ, ಛೊಲೊ ಆತು. ಇಳಸೋದು ಹ್ಯಾಂಗ?"

"ಅಲ್ಲೇ ಹೈವೇ ಮ್ಯಾಲ ಇಳಸ್ತೀನಪ್ಪಾ, ಲೈವ್‌ನ್ಯಾಗ."

ಆ ಗುರುವಾರ ಬರಲೇ ಇಲ್ಲ. ಬುಧವಾರ ಸಂಜೆ ಪಂಡಿತ ಸಾಹೇಬರಿಗೆ ಸರ್ಕಾರದ ದೊಡ್ಡವರ ಬುಲಾವು ಬಂತು. ಅವರು ಒಂದು ಭರವಸೆಯ ಪತ್ರ, ಒಂದು ಹೂಗುಚ್ಛ, ಒಂದು ಫೋಟೋ ಹಿಡಿದು ತಿರುಗಿ ಬಂದರು. ಹೋರಾಟ ಸದ್ಯಕ್ಕೆ ನಿಲ್ಲಿಸಬೇಕೆಂದರು. ಗುರುನಾಥ ಗ್ರೂಪುಗಳಲ್ಲಿ ಮರಾಠಿಯಲ್ಲಿ ಎರಡು ಸಾಲು ಟೈಪು ಮಾಡಿದ, ಆಂದೋಲನ ಸ್ಥಗಿತ ಎಂದು. ಓದು ಬರುವವರು ಓದಿ, ಮನೆಯವರಿಗೂ ಹೇಳಿ ಉಳಿದರು. ಮಾರನೆಯ ದಿನ ಹೈವೇಗೆ ಒಂದು ನಾಯಿಯೂ ಬರಲಿಲ್ಲ. ಎರಡೇ ಸಾಲಿನಲ್ಲಿ ಇಷ್ಟು ಮಂದಿಯನ್ನು ನಿಲ್ಲಿಸಿದೆನಲ್ಲ ಎಂದು ಗುರುನಾಥ ಒಳಗೊಳಗೇ ಹಿಗ್ಗಿದ. ಪಂಡಿತ ಸಾಹೇಬರು ಅವನನ್ನು ಜಿಲ್ಲೆಯ ಸೋಶಿಯಲ್ ಮೀಡಿಯಾ ಪ್ರಮುಖನನ್ನಾಗಿ ಮಾಡಿ, ಹೆಗಲಿಗೆ ಹಳದಿ ಶಾಲು ಹೊದಿಸಿದರು.

"ಇಳಸೋ ಡೊಳ್ಳು ಬಾರಿಸ್ದೇನು?" ಎಂದು ಮಲ್ಲಣ್ಣ ಎರಡು ಸಲ ಕೇಳಿದ.

"ಯಾರೂ ಬಂದೇ ಇಲ್ಲ, ಯಾರಿಗಿ ಇಳಸ್ಲಿ? ಮೆಸೇಜ್ ಹಾಕೀನಿ ಅಲ್ಲಪ್ಪಾ."

ಮುದುಕ ಮೂರನೆಯ ಸಲ ಕೇಳಲಿಲ್ಲ. ಗುರುನಾಥನಿಗೆ ಅದು ಹೊಳೆಯಲೇ ಇಲ್ಲ: ಓದು ಬಾರದವರ ಕೈಗೆ ಹೋದದ್ದು ಡೊಳ್ಳು ಮಾತ್ರ. ಅದು ಒಂದು ಫೋನಿನಿಂದ ಇನ್ನೊಂದಕ್ಕೆ, ಬೀಗರಿಂದ ಬೀಗರಿಗೆ ಇನ್ನೂ ನಡೆಯುತ್ತಲೇ ಇತ್ತು. ಅದರಲ್ಲಿ ತಾರೀಖು ಇರಲಿಲ್ಲ. ಕೇಳಿದವರಿಗೆಲ್ಲ ಬರುವ ಗುರುವಾರವೇ ಗುರುವಾರ.

ಹದಿನೈದು ದಿನ ಕಳೆದವು. ಆವತ್ತೂ ಗುರುವಾರ, ಮಧ್ಯಾಹ್ನದ ಹೊತ್ತು. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಪರಿಚಯದವನೊಬ್ಬ ಒಂದು ವಿಡಿಯೋ ಕಳಿಸಿದ. ಯೆಣೆಗೂರಿನ ಹೈವೇ. ಅರವತ್ತೈದು ದಾಟಿದ ಒಬ್ಬ ಮುದುಕಿ ರಸ್ತೆಯ ನಟ್ಟನಡುವೆ ಕಂಬಳಿ ಹಾಸಿ ಒಬ್ಬಳೇ ಕುಳಿತಿದ್ದಾಳೆ. ಲಾರಿಯವರು ಹಾರ್ನ್ ಬಡಿಯುತ್ತಿದ್ದಾರೆ. ಆಕೆ ಕೈ ಎತ್ತಿ, "ಬೀರಪ್ಪನ ಹೆಸರಲೆ, ನಮ್ಮ ಹಕ್ಕು ಕೊಡ್ರಿ!" ಎನ್ನುತ್ತಾಳೆ. ಜತೆಗೆ ದನಿಗೂಡಿಸುವವರು ಯಾರೂ ಇಲ್ಲ. ಆಕೆಯೇ ಘೋಷಣೆ, ಆಕೆಯೇ ಅದಕ್ಕೆ ಜೈಕಾರ. ವಿಡಿಯೋ ಹಿಡಿದವನ ನಗು ಖಿಲಖಿಲ ಕೇಳುತ್ತದೆ.

ಗುರುನಾಥನೂ ನಕ್ಕ. ಸುಳ್ಳು ಯಾಕೆ ಹೇಳಬೇಕು, ಹೊಟ್ಟೆ ಹಿಡಿದುಕೊಂಡು ನಕ್ಕ. ಹಾಸಿದ ಕಂಬಳಿ ಕಣ್ಣಿಗೆ ಬೀಳಲಿಲ್ಲವೇ ಎಂದರೆ, ಬಿತ್ತು. ಆದರೆ ನಗುವವನ ಕಣ್ಣಿಗೆ ಬಿದ್ದದ್ದು ತಲೆಗೆ ಹೋಗುವುದಿಲ್ಲ. ವಿಡಿಯೋವನ್ನು ಪೇಜಿಗೆ ಏರಿಸಿ ಕೆಳಗೆ ಬರೆದ: "ಆಜೀ, ಆಂದೋಲನ ಸಂಪಲಂ, ಘರೀ ಜಾ! ಒನ್ ವುಮನ್ ಆರ್ಮಿ." ಅಜ್ಜೀ, ಹೋರಾಟ ಮುಗಿಯಿತು, ಮನೆಗೆ ಹೋಗು ಎಂದು. ಅದರ ಪಕ್ಕದಲ್ಲಿ ಕಣ್ಣೀರು ಬರುವಂತೆ ನಗುವ ಮೂರು ಮುಖ.

ಹೋರಾಟದ ಯಾವ ಪೋಸ್ಟೂ ಹೀಗೆ ಓಡಿರಲಿಲ್ಲ. ಮುಕ್ಕಾಲು ತಾಸಿನೊಳಗೆ ಮೂವತ್ತು ಸಾವಿರ ಮಂದಿ ನೋಡಿದರು. ಒಬ್ಬ ಹುಚ್ಚಿ ಎಂದ, ಇನ್ನೊಬ್ಬ ಕುಡಿದಿದ್ದಾಳೆ ಎಂದ, ಮತ್ತೊಬ್ಬ ಇದಕ್ಕೇ ಇವರಿಗೆ ಮೀಸಲಾತಿ ಬೇಡ ಎಂದ. ಗುರುನಾಥ ಒಂದೊಂದೇ ಓದುತ್ತ, ಕೆಲವಕ್ಕೆ ಹೃದಯದ ಗುರುತು ಒತ್ತುತ್ತ ಕುಳಿತ.

ಆಗ ಒಂದು ಕಾಮೆಂಟು ಬಂತು. ಯೋಗಿತಾ ಎಂಬ ಹುಡುಗಿ, ಉದಗೀರದ ಕಡೆಯವಳು. ಮರಾಠಿಯಲ್ಲಿ ಉದ್ದಕ್ಕೆ ಬರೆದಿದ್ದಳು: "ಈಕೆ ನನ್ನ ಅಜ್ಜಿ ಮಾಣಿಕಮ್ಮ. ನಿನ್ನೆ ಸಂಜೆ ನನ್ನ ಫೋನಿನಲ್ಲಿ ನಿಮ್ಮ ಡೊಳ್ಳು ಕೇಳಿದಳು. ಕೇಳಿದಾಕ್ಷಣ ಊಟದ ತಾಟು ಬಿಟ್ಟು ಎದ್ದಳು. ಮುಂಜಾನೆ ಮೊದಲ ಬಸ್ಸಿಗೆ ಹೊರಟಳು. ಡೊಳ್ಳು ಇಳಿಸುವ ತನಕ ಉಣ್ಣುವುದಿಲ್ಲ. ಆಕೆಯ ಹತ್ತಿರ ಫೋನಿಲ್ಲ. ಯಾರಾದರೂ ಹೋಗಿ ಹೇಳಿ. ನಗಬೇಡಿ."

ಗುರುನಾಥ ಅದನ್ನು ಮೂರು ಸಲ ಓದಿದ. ಕೈ ತಾನಾಗಿಯೇ ಪೋಸ್ಟನ್ನು ಅಳಿಸಿತು. ಅಳಿಸಿ ಏನು ಬಂತು? ಅಷ್ಟರಲ್ಲಿ ಇಪ್ಪತ್ತು ಪೇಜಿನವರು ಅದನ್ನು ಇಳಿಸಿಕೊಂಡು, ಅವನ ಸಾಲಿನ ಸಮೇತ ತಮ್ಮದಾಗಿ ಏರಿಸಿದ್ದರು. ಒಡೆದ ಮುತ್ತು ಕೂಡದು, ಆಡಿದ ಮಾತು ಹಿಂದಕ್ಕೆ ಬಾರದು.

ಪರಿಚಯದ ಆಟೋ ಹಿಡಿದು ಮೊದಲು ಗುಂಜೋಟಿಗೆ ಹೋದ, ಡೊಳ್ಳು ತರಲು. ಅಪ್ಪನಿಗೆ ಅರ್ಧ ಮಾತ್ರ ಹೇಳಿದ: ಉದಗೀರದ ಕಡೆಯ ಒಬ್ಬ ಮುದುಕಿ ತಡವಾಗಿ ಕೇಳಿ ಬಂದಿದ್ದಾಳೆ, ಯೆಣೆಗೂರಿನಲ್ಲಿ ಉಪವಾಸ ಕುಳಿತಿದ್ದಾಳೆ. ಇನ್ನರ್ಧವನ್ನು ನುಂಗಿಕೊಂಡ.

ಮಲ್ಲಣ್ಣನ ಕಣ್ಣು ಅರಳಿತು. "ಉದಗೀರತನ ಕೇಳಿಸ್ತೇನು ನಮ್ಮ ಡೊಳ್ಳು! ನಮ್ಮ ಮುತ್ಯಾನ ಕಾಲಕ್ಕೂ ಅಷ್ಟು ದೂರ ಹೋಗಿದ್ದಿಲ್ಲ." ಮುದುಕ ತಾನೇ ಗೂಟದಿಂದ ಡೊಳ್ಳು ತೆಗೆದು ಕೊಟ್ಟ, ಭಂಡಾರವನ್ನು ಕಾಗದದಲ್ಲಿ ಕಟ್ಟಿದ, ನಾಲ್ಕು ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ ಬಟ್ಟೆಯಲ್ಲಿ ಸುತ್ತಿದ. "ಇಳಿಸಿ, ಉಣಿಸಿ, ಆಕಿನ್ನ ಮನಿಗಿ ಕರಕೊಂಡು ಬಾ. ಒಂದು ರಾತ್ರಿ ಇದ್ದು ಹೋಗ್ಲಿ. ಅಂಥಾಕಿ ಕಾಲ ಧೂಳಿ ಮನ್ಯಾಗ ಬೀಳಬೇಕು."

ಆ ಸಂತೋಷವನ್ನು ನೋಡುವುದಕ್ಕಿಂತ ಅಪ್ಪ ಕೆನ್ನೆಗೆ ಎರಡು ಬಾರಿಸಿದ್ದರೆ ಚೆನ್ನಾಗಿತ್ತು ಎನಿಸಿತು ಗುರುನಾಥನಿಗೆ.

ಯೆಣೆಗೂರಿನಲ್ಲಿ ಪೊಲೀಸರು ಮಾಣಿಕಮ್ಮನನ್ನು ಎಬ್ಬಿಸಿ ರಸ್ತೆಯ ಬದಿಯ ಒಂದು ಢಾಬಾದ ಹೊರಸಿನ ಮೇಲೆ ಕೂಡಿಸಿದ್ದರು. ಢಾಬಾದವನು ದಾಲ್-ಅನ್ನ ತಂದಿಟ್ಟಿದ್ದ, ಆಕೆ ಮುಟ್ಟಿರಲಿಲ್ಲ. ಸುತ್ತ ಇಪ್ಪತ್ತು ಮಂದಿ ನೆರೆದಿದ್ದರು. ಅಷ್ಟೂ ಜನರ ಕೈಯಲ್ಲಿ ಫೋನು. ಆಕೆ ಸಣ್ಣ ಮೈಯವಳು, ಹಸಿರು ಸೀರೆ, ತುಟಿ ಒಣಗಿ ಬಿರಿದಿದ್ದವು. ಆಟೋದಿಂದ ಡೊಳ್ಳು ಇಳಿಯುವುದನ್ನು ಕಂಡವಳೇ ಎದ್ದು ನಿಂತು, ಕಂಬಳಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡಳು.

"ಬಂದ್ಯಾ ಯಪ್ಪಾ," ಎಂದಳು. "ಬರ್ತೀ ಅಂತ ಗೊತ್ತಿತ್ತು. ನಮ್ಮ ಅವ್ವನ ತವರ್ಮನಿ ಗುಂಜೋಟಿನೇ. ಸಣ್ಣಾಕಿದ್ದಾಗ ಒಮ್ಮಿ ಕೇಳಿದ್ದೆ ಈ ಡೊಳ್ಳು, ಮರ್ತಿದ್ದಿಲ್ಲ. ಉಳದ ಮಂದಿ ಎಲ್ಲಿ ಅದಾರ?"

ಗುರುನಾಥ ತಡವರಿಸಿದ: "ಆಯಿ, ಅದು... ಹದಿನೈದು ದಿನದ ಹಿಂದಿನ ಕರಿ. ಮುಗದು ಹೋಗ್ಯಾದ."

ಮಾಣಿಕಮ್ಮ ಹಣೆ ಬಡಿದುಕೊಂಡಳು. "ಅಯ್ಯ ನನ್ನ ಕರ್ಮಾ! ಹದಿನೈದು ದಿನಾ ತಡಾ ಮಾಡಿ ಬಂದೆನಾ? ಎಲ್ಲಾರೂ ಬಂದು ಹೋದ ಮ್ಯಾಲ?"

ಯಾರೂ ಬಂದಿರಲಿಲ್ಲ ಎಂಬುದನ್ನು ಗುರುನಾಥ ಮುಚ್ಚಿಟ್ಟ. ಡೊಳ್ಳು ಕೊರಳಿಗೆ ಹಾಕಿಕೊಂಡು ಇಳಿಸುವ ಬಡಿತ ಬಾರಿಸಿದ. ಎರಡು ನಿಧಾನದ ಪೆಟ್ಟು, ಒಂದು ಮೆತ್ತಗಿನದು. ಭಂಡಾರ ತೆಗೆದು ಆಕೆಯ ಹಣೆಗೆ ಹಚ್ಚಿದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಟ್ಟಳೆ ಬಲ್ಲ ಹೆಂಗಸು ಆಕೆ. ತಡವಾಗಿ ಬಂದವರು ಡೊಳ್ಳು ಹೊತ್ತವನ ಕಾಲು ಮುಟ್ಟಿ ತಪ್ಪು ಒಪ್ಪಿಕೊಳ್ಳಬೇಕು, ಅವನ ವಯಸ್ಸು ನೋಡುವಂತಿಲ್ಲ. "ತಪ್ಪಾಗ್ಯಾದ ಬೀರಪ್ಪಾ, ಹೊಟ್ಟ್ಯಾಗ ಹಾಕ್ಕೋ" ಎನ್ನುತ್ತ ಮುದುಕಿ ಬಗ್ಗಿದಳು, ಎರಡೂ ಕೈ ಚಾಚಿ ಗುರುನಾಥನ ಪಾದ ಹಿಡಿದಳು.

ಹಿಂದೆ ಸರಿಯಬಹುದಿತ್ತು. ಕೈ ಹಿಡಿದು ಎತ್ತಬಹುದಿತ್ತು. ನಿನ್ನನ್ನು ನೋಡಿ ನಕ್ಕವನು ನಾನೇ ಎಂದು ಅಲ್ಲಿಯೇ ಹೇಳಬಹುದಿತ್ತು. ಆದರೆ ಎದುರಿಗೆ ಇಪ್ಪತ್ತು ಫೋನು. ಅವನು ಕಂಬದಂತೆ ನಿಂತ. ಮುದುಕಿಯ ಬಿಸಿ ಅಂಗೈ ಪಾದಕ್ಕೆ ತಾಗಿದಾಗ ಭೂಮಿ ಬಾಯ್ಬಿಡಬಾರದೇ ಎನಿಸಿತು. ಭೂಮಿಗೆ ಬೇರೆ ಕೆಲಸವಿರುತ್ತದೆ, ಅದು ಬಾಯಿ ಬಿಡಲಿಲ್ಲ.

ಅಪ್ಪ ಕಟ್ಟಿಕೊಟ್ಟದ್ದು ಎಂದು ಗುರುನಾಥ ಬಿಚ್ಚಿಟ್ಟ ರೊಟ್ಟಿಯನ್ನು ಆಕೆ ಹೊರಸಿನ ಮೇಲೆ ಕುಳಿತು ಮುರಿದಳು. ಎರಡು ತುತ್ತು ಇಳಿದ ಮೇಲೆ ಕಣ್ಣಲ್ಲಿ ನೀರು ಬಂತು, ಹಸಿವಿಗೋ ಖಾರಕ್ಕೋ. ಊಟ ಮುಗಿಯುವಷ್ಟರಲ್ಲಿ ಪಂಡಿತ ಸಾಹೇಬರ ಫೋನು: "ಗುರು, ಝಕಾಸ್! ಆಯಿ ಕಾಲ್ ಮುಟ್ಟೋ ವಿಡಿಯೋ ಎಲ್ಲಾ ಕಡಿ ಓಡ್ಲಕತ್ತದ. ಮಂದಿ ಅಳ್ಲಕತ್ತಾರ. ಪೇಜಿಗಿ ಹಾಕು ಲಗೂನ. ಇನ್ ಮುಂದ ಆಕಿನೇ ನಮ್ಮ ಹೋರಾಟದ ಮುಖ." ಮಧ್ಯಾಹ್ನ ಹುಚ್ಚಿ ಎಂದವರೇ ಈಗ ದೇವತೆ ಎನ್ನುತ್ತಿದ್ದರು. ಅವಳು ಪಾದ ಹಿಡಿದ ಡೊಳ್ಳಿನವನೂ ದೇವಮಾನವನಾಗಿದ್ದ. ಗುರುನಾಥ ಫೋನು ಬಂದ್ ಮಾಡಿದ.

ಅಪ್ಪ ಮನೆಗೆ ಕರೆತಾ ಎಂದಿದ್ದ. ಗುರುನಾಥ ಕರೆಯಲಿಲ್ಲ. ಆಕೆ ಅಪ್ಪನ ಎದುರು ಕುಳಿತು ಮಾತಾಡಿದರೆ ಒಂದು ಮಾತಿಗೆ ಇನ್ನೊಂದು ಮಾತು ಹುಟ್ಟೀತೆಂಬ ಭಯ. "ನಿಮ್ಮ ಮೊಮ್ಮಗಳು ಕಾಳಜಿ ಮಾಡ್ಲಕತ್ತಾಳ, ಹೋಗೋದು ಛೊಲೊ" ಎಂದ. ಉಮರಗಾದಲ್ಲಿ ಡೊಳ್ಳನ್ನು ಅಂಗಡಿಯೊಳಗಿಟ್ಟು ಆಕೆಯನ್ನು ನಿಲಂಗಾದ ಬಸ್ಸು ಹತ್ತಿಸಿದ. ಹತ್ತಿಸಿದವನಿಗೆ ಇಳಿದು ಹೋಗಲು ಮನಸ್ಸಾಗಲಿಲ್ಲ, ತಾನೂ ಪಕ್ಕದಲ್ಲಿ ಕುಳಿತ. ದಾರಿಯುದ್ದಕ್ಕೂ ಮಾಣಿಕಮ್ಮ ತನ್ನ ಕುರಿಗಳ ಮಾತು ಹೇಳಿದಳು. ಯೋಗಿತಾ ಬಾರಾವಿ, ಎಂದರೆ ಹನ್ನೆರಡನೆಯ ತರಗತಿ ಓದುತ್ತಿದ್ದಾಳೆ, ನರ್ಸ್ ಆಗಬೇಕಂತೆ, ಅದಕ್ಕೇ ಈ ಮೀಸಲಾತಿ ಬೇಕು ಎಂದಳು. "ನಮ್ಮ ಮನ್ಯಾಗ ಬ್ಯಾರೆ ಯಾರೂ ಇಲ್ಲ ನೋಡು ಬರ್ಲಾಕ. ಆಕಿ ಸಲುವಾಗಿ ನಾನೇ ಬಂದೆ."

ನಿಲಂಗಾದಲ್ಲಿ ಉದಗೀರದ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ಬೆಂಚಿನ ಮೇಲೆ ಕುಳಿತಿದ್ದಾಗ ಕಾಲೇಜಿನ ನಾಲ್ಕು ಹುಡುಗಿಯರು ಒಬ್ಬರನ್ನೊಬ್ಬರು ತಿವಿಯುತ್ತ ಹತ್ತಿರ ಬಂದರು. "ಆಜೀ, ಒನ್ ವುಮನ್ ಆರ್ಮಿ! ಏಕ್ ಸೆಲ್ಫಿ" ಎಂದು ನಗು ತಡೆಯಲಾರದೆ ಫೋನು ಎತ್ತಿದರು. ಆಕೆಗೆ ಏನೂ ತಿಳಿಯಲಿಲ್ಲ. ಖುಷಿಯಿಂದ ಸೆರಗು ಸರಿಮಾಡಿಕೊಂಡಳು. ಕಾಗದದಲ್ಲಿ ಉಳಿದಿದ್ದ ಭಂಡಾರ ತೆಗೆದು ನಾಲ್ವರ ಹಣೆಗೂ ಹಚ್ಚಿ, "ಶಾಣ್ಯಾರಾಗ್ರವ್ವಾ" ಎಂದಳು. ಹುಡುಗಿಯರ ನಗು ಅರ್ಧಕ್ಕೇ ನಿಂತಿತು. ಹಣೆ ಮುಟ್ಟಿಕೊಳ್ಳುತ್ತ ಸರಿದು ಹೋದರು.

"ನೋಡಿದೇನು?" ಎಂದಳು ಮಾಣಿಕಮ್ಮ. "ಎಷ್ಟು ಮಂದಿ ಗುರ್ತ ಹಿಡೀತಾರ! ಒಬ್ಬಾಕಿ ಕುಂತ್ರೂ ಕೆಲಸ ಆತು ಅಂದಂಗಾತು. ಅವರು ಏನೋ ಅಂದ್ರಲ್ಲ, ಏನದು?"

ಇನ್ನು ತಡೆಯಲಾಗಲಿಲ್ಲ. ಗುರುನಾಥ ನೆಲ ನೋಡುತ್ತ ಎಲ್ಲ ಹೇಳಿದ. ವಿಡಿಯೋ ಹೇಗೆ ಬಂತು, ಕೆಳಗೆ ಏನು ಬರೆದಿದ್ದರು, ಎಷ್ಟು ಮಂದಿ ನಕ್ಕರು. ಹದಿನೈದು ದಿನದ ಹಿಂದೆಯೂ ಯಾರೂ ಬಂದಿರಲಿಲ್ಲ ಎಂಬುದನ್ನೂ ಹೇಳಿದ.

"ಯಾರು ಬರದಾರ ಅದು?"

"ನಾನೇ ಬರದೀನಿ, ಆಯಿ."

ಆಕೆ ಅವನನ್ನು ನೋಡಿದಳು. ಬೈಯುತ್ತಾಳೆ ಎಂದು ಕಾದ, ಬೈದರೆ ಅರ್ಧ ಭಾರ ಇಳಿಯುತ್ತಿತ್ತು. ಆಕೆ ಬೈಯಲಿಲ್ಲ. ಕಂಬಳಿಯ ಅಂಚನ್ನು ಬೆರಳಿನಿಂದ ಸವರುತ್ತ ಹೇಳಿದಳು: "ರಸ್ತಾದ ಮ್ಯಾಲ ಕುಂತಾಗ ನನಗೂ ಅನಸ್ತು, ಇವರು ನಗ್ಲಕತ್ತಾರ ಅಂತ. ನಗ್ಲಿ ಬಿಡು, ಡೊಳ್ಳು ಬಾರಿಸ್ದಂವಾ ಬಂದ್ರ ಎಲ್ಲಾರೂ ಸುಮ್ಮಾಗ್ತಾರ ಅಂದ್ಕೊಂಡು ಕುಂತಿದ್ದೆ."

ಉದಗೀರದ ಬಸ್ಸು ಬಂದು ನಿಂತಿತು. ಅರ್ಧ ತಿಕೀಟಿನ ಸಲುವಾಗಿ ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ಮುದುಕಿ ಹತ್ತಿದಳು. ಗುರುನಾಥ ಕಿಟಕಿಯ ಕೆಳಗೆ ನಿಂತ. ಕ್ಷಮಿಸು ಎನ್ನುವ ಮಾತು ಬಾಯಿಗೆ ಬಂದರೂ ಅದು ಕೂಡ ಒಂದು ಪೋಸ್ಟಿನಂತೆ ಹಗುರವೆನಿಸಿತು. ಬಸ್ಸು ಶುರುವಾದಾಗ ಆಕೆಯೇ ತಲೆ ಹೊರಗೆ ಹಾಕಿದಳು.

"ನಿಮ್ಮಪ್ಪಗ ಗೊತ್ತದೇನು ಇದು?"

"ಇಲ್ಲ."

"ಹೇಳಬ್ಯಾಡ. ಹೇಳಿದ್ರ ಅಂವಾ ಮತ್ತ ಡೊಳ್ಳಿಗಿ ಕೈ ಹಚ್ಚಂಗಿಲ್ಲ."

ರಾತ್ರಿ ಅಂಗಡಿಯಲ್ಲೇ ಮಲಗಿ, ಮಾರನೆಯ ಮುಂಜಾನೆ ಗುರುನಾಥ ಡೊಳ್ಳು ಹೊತ್ತು ಮನೆಗೆ ಬಂದಾಗ ಮಲ್ಲಣ್ಣ ಅಂಗಳದಲ್ಲಿ ಕುಳಿತಿದ್ದ. ಊರವರು ಯಾರೋ ಆಗಲೇ ಅವನಿಗೆ ವಿಡಿಯೋ ತೋರಿಸಿದ್ದರು. ಪಾದ ಮುಟ್ಟಿದ ವಿಡಿಯೋ, ಊರೆಲ್ಲ ಹೊಗಳಿದ್ದು. ಮುದುಕನ ಮುಖದಲ್ಲಿ ಮಾತ್ರ ನಿನ್ನೆಯ ಸಂತೋಷ ಇರಲಿಲ್ಲ.

"ಯಾಕ ಮುಟ್ಟಿಸ್ಕೊಂಡಿ?" ಎಂದ. "ತಡಾ ಆಕಿ ಮಾಡಿಲ್ಲ. ಇಳಸೋದು ತಡಾ ಮಾಡ್ದವ್ರು ನಾವು. ನೀನೇ ಆಕಿ ಕಾಲು ಹಿಡೀಬೇಕಿತ್ತು."

ಗುರುನಾಥ ಡೊಳ್ಳನ್ನು ಗೋಡೆಗೆ ಆನಿಸಿಟ್ಟ.

"ಮನಿಗಿ ಯಾಕ ಕರಕೊಂಡು ಬರ್ಲಿಲ್ಲ?"

ಗುರುನಾಥ ಡೊಳ್ಳಿನ ಹಗ್ಗ ಸುತ್ತತೊಡಗಿದ.

ಮಲ್ಲಣ್ಣ ನಿಟ್ಟುಸಿರು ಬಿಟ್ಟ. "ಇರ್ಲಿ, ಹೋಗ್ಲಿ. ಹೋಗೋವಾಗ ಏನಂದ್ಳು ಆಕಿ? ನೊಂದ್ಕೊಂಡು ಹೋದ್ಳೇನು?"

ಒಂದು ಸುಳ್ಳು ಸಾಕಿತ್ತು. ನಗುನಗುತ್ತ ಹೋದಳು ಎಂದರೆ ಅಪ್ಪ ನಂಬುತ್ತಿದ್ದ. ಆ ಮುದುಕಿಯೇ ಸುಳ್ಳಿಗೆ ದಾರಿ ಮಾಡಿಕೊಟ್ಟು ಹೋಗಿದ್ದಳು. ತನ್ನನ್ನು ನೋಡಿ ನಕ್ಕವನ ಮಾನ ಕಾಯುವುದಕ್ಕೆ ಅವಳೇ ಟೊಂಕ ಕಟ್ಟಿದ್ದಳು.

"ನಿಮ್ಮಪ್ಪಗ ಹೇಳಬ್ಯಾಡ ಅಂದ್ಳು," ಎಂದ ಗುರುನಾಥ.

ಮಲ್ಲಣ್ಣ ತಲೆ ಎತ್ತಿದ. "ಏನು ಹೇಳಬ್ಯಾಡ ಅಂದ್ಳು?"

ಗುರುನಾಥ ಅಪ್ಪನ ಎದುರು ನೆಲದ ಮೇಲೆ ಕುಳಿತ. ಫೋನು ತೆಗೆದ. ತಾನು ಅಳಿಸಿದ್ದನ್ನು ಬೇರೆಯವರ ಪೇಜಿನಲ್ಲಿ ಹುಡುಕಿ, ಅದನ್ನು ಓದು ಬಾರದ ಅಪ್ಪನ ಕೈಗೆ ಕೊಟ್ಟು, ಕೆಳಗೆ ತಾನು ಬರೆದಿದ್ದ ಸಾಲನ್ನು ಒಂದು ಅಕ್ಷರವನ್ನೂ ಬಿಡದೆ ಓದತೊಡಗಿದ.